ಕಳೆಯಲು ಬರುತ್ತದೆ, ಕೂಡಲು ಬಾರದು

ಬ್ರೆಂಡನ್ ಐಕ್ ಎಂಬ ಮಹಾನುಭಾವ 1995ರ ಮೇ ತಿಂಗಳಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿ ಕೂತು, ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೊದಲ ರೂಪ ಬರೆದು ಕೈತೊಳೆದುಕೊಂಡ. ಅದರ ಫಂಕ್ಷನ್ನುಗಳ ಬಗ್ಗೆ ಇಂಟರ್‌ವ್ಯೂನಲ್ಲಿ ಪ್ರಶ್ನೆ ಕೇಳುವವರು ಮಾತ್ರ ಮೂವತ್ತು ವರ್ಷವಾದರೂ ಕೈತೊಳೆದುಕೊಂಡಿಲ್ಲ.

ಈ ಪ್ರಶ್ನೆಗಳು ಬೆಂಗಳೂರಿನಲ್ಲಿ ಹುಟ್ಟುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು, ತುಮಕೂರು, ತಿಪಟೂರು ದಾಟಿ, ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಯುತ್ತವೆ. ಕೆಲವು ಹಾಸನದ ರೈಲು ಹತ್ತಿದರೆ ಇನ್ನು ಕೆಲವು ಹಳೇಬೀಡು, ಬೇಲೂರಿನ ಬಸ್ಸು ಹಿಡಿಯುತ್ತವೆ. ಒಟ್ಟಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕೂತ ಹುಡುಗನಿರುವ ಯಾವ ಮನೆಯನ್ನೂ ಅವು ಬಿಡುವುದಿಲ್ಲ. ನಮ್ಮ ಅಕ್ಕನ ಮನೆಗೂ ಒಂದು ಪ್ರತಿ ಬಂದಿದೆ. ಅಕ್ಕ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟು ಕೊಟ್ಟಿದ್ದಾಳೆ.

ಅಕ್ಕನ ಮಗನನ್ನು, ಎಂದರೆ ನನ್ನ ಅಳಿಯನನ್ನು, ಕೂರಿಸಿಕೊಂಡು ಒಂದು ಪುಟ ತೆರೆದೆ.

“ಹಾಯ್ಸ್ಟಿಂಗ್ ಅಂದ್ರೇನೋ?”

ಹುಡುಗ ಮಗ್ಗಿ ಒಪ್ಪಿಸುವ ರಾಗದಲ್ಲಿ ಒಪ್ಪಿಸಿದ. ಫಂಕ್ಷನ್ನನ್ನು ಮುನ್ನೂರನೇ ಸಾಲಿನಲ್ಲಿ ಬರೆದಿದ್ದರೂ ಮೂರನೇ ಸಾಲಿನಲ್ಲೇ ಕರೆಯಬಹುದು. ಅದನ್ನೇ ಕಾನ್ಸ್ಟ್ ಎಂದು ಒಂದು ಹೆಸರಿಗೆ ಕಟ್ಟಿಟ್ಟಿದ್ದರೆ ಮೊದಲೇ ಕರೆಯುವಂತಿಲ್ಲ, ಎರರ್. ಉತ್ತರ ಸರಿ. ಇದನ್ನು ನೆಚ್ಚಿಕೊಂಡೇ ಕೋಡ್ ಬರೆಯಬೇಕೆಂದೇನಿಲ್ಲ, ಆದರೆ ಪ್ರಶ್ನೆ ಮಾತ್ರ ಮೊದಲನೇ ಪುಟದಲ್ಲಿದೆ. ಉತ್ತರ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಕೇಳಿದವನಿಗೆ ಗೊತ್ತಿಲ್ಲದಿದ್ದರೂ ಟಿಕ್ ಹಾಕಬಹುದು, ಅದಕ್ಕೇ.

“ಸರಿ, ಈಗ ಒಂದು ಫಂಕ್ಷನ್ ಬರಿ. ನಿಮ್ಮಪ್ಪ ಮಂಡಿಗೆ ಕೊಬ್ಬರಿ ಹಾಕ್ತಾರಲ್ಲ, ಅದರ ಪಟ್ಟಿ. ಚೀಲದ ತೂಕ ಕೂಡು, ಖಾಲಿ ಚೀಲದ್ದು ಕಳಿ, ದರದಿಂದ ಗುಣಿಸು, ಹಮಾಲಿ ಮುರಿ.”

“ಮಾವ, ಇದೆಲ್ಲ ಇಂಟರ್‌ವ್ಯೂನಲ್ಲಿ ಬರಲ್ಲ.”

ಈ ಮಾತನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ನನಗೆ ತಿಳಿವಳಿಕೆ ಕಡಿಮೆ ಎಂಬ ಕನಿಕರದಿಂದ ಹೇಳಿದ. ಕೊನೆಗೆ, ಊಟಕ್ಕೆ ಇನ್ನೂ ಹೊತ್ತಿದೆ ಎಂಬ ಒಂದೇ ಕಾರಣಕ್ಕೆ ಲ್ಯಾಪ್‌ಟಾಪ್ ತೆರೆದ.

ಮೊದಲ ಚೀಲ 48 ಕಿಲೋ, ಎರಡನೆಯದು 52. ಪುಟದ ಮೇಲಿನ ಎರಡು ಖಾನೆಗಳಲ್ಲಿ ತುಂಬಿಸಿ ಬಟನ್ ಒತ್ತಿದ. ಒಟ್ಟು ತೂಕ: 4852 ಕಿಲೋ.

ಖಾನೆಯಲ್ಲಿ ಹೊಡೆದದ್ದನ್ನು ಜಾವಾಸ್ಕ್ರಿಪ್ಟ್ ಅಕ್ಷರವೆಂದು ತಿಳಿಯುತ್ತದೆಯೇ ಹೊರತು ಅಂಕಿಯೆಂದಲ್ಲ. ಅಕ್ಷರಗಳ ನಡುವೆ ಕೂಡು ಚಿಹ್ನೆ ಹಾಕಿದರೆ ಪಕ್ಕಪಕ್ಕ ಅಂಟಿಸುತ್ತದೆ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿ, ಖಾಲಿ ಚೀಲ, ಹಮಾಲಿ ಮುರಿಯುವ ಮೊದಲು, ಎರಡು ಚೀಲಕ್ಕೆ ಅಳಿಯನ ಫಂಕ್ಷನ್ 5,87,092 ರೂಪಾಯಿ ಎಣಿಸಿ ಕೊಟ್ಟಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ, “ಚೆನ್ನಾಗೇ ಐತಲ್ಲ, ಇದನ್ಯಾಕೋ ಸರಿಮಾಡ್ತೀಯ?” ಎಂದಳು.

ಇನ್ನೂ ಸೊಗಸು ಮುಂದಿದೆ. ಅದೇ ಅಕ್ಷರದ 48ರಿಂದ ಅಕ್ಷರದ 1 ಕಳೆಯಲು ಹೇಳಿ, ಕೂಡಲೇ ಅಂಕಿಯೆಂದು ಗುರುತಿಸಿ 47 ಎಂದು ಕೊಡುತ್ತದೆ. ಗುಣಾಕಾರ, ಭಾಗಾಕಾರವೂ ಸರಿ. ಕೂಡುವಾಗ ಮಾತ್ರ ದಡ್ಡತನ. ಕಳೆಯುವುದರಲ್ಲಿ ಎಂದೂ ತಪ್ಪದ, ಕೂಡುವುದರಲ್ಲಿ ಮಾತ್ರ ಎಡವುವ ಈ ಲೆಕ್ಕ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು ಎಂದರೆ ನಮ್ಮ ಭಾಗದ ಯಾವ ರೈತನೂ ನಂಬಲಾರ.

ತೂಕವನ್ನು ಅಂಕಿ ಮಾಡಿಸಿದೆವು. ಈಗ ಪರದೆಯ ಮೂಲೆಯಲ್ಲಿ ಸರಿಯಾದ ಮೊತ್ತ ಕಾಣಿಸಿತು, ಪಟ್ಟಿಯ ಖಾನೆಯಲ್ಲಿ ಮಾತ್ರ ‘ಅಂಡಿಫೈನ್ಡ್’. ಹುಡುಗ ಕಣ್ಣು ಉಜ್ಜಿಕೊಂಡ. “ಮೊತ್ತ ಬಂದಿದೆಯಲ್ಲ ಮಾವ, ಕಾಣ್ತಿದೆ ನೋಡಿ!”

ಕಾಣ್ತಿದೆ, ನಿಜ. ಕನ್ಸೋಲ್ ಲಾಗ್ ಎಂದು ಬರೆದರೆ ಕಾಣಿಸುತ್ತದೆ. ಕೇಳಿದವನ ಕೈಗೆ ಮೊತ್ತ ಸೇರಬೇಕಾದರೆ ರಿಟರ್ನ್ ಎಂದು ಬರೆಯಬೇಕು. ತೋರಿಸುವುದು ಬೇರೆ, ಕೊಡುವುದು ಬೇರೆ. ಹೊಸದಾಗಿ ಕಲಿಯುವ ಹುಡುಗರು ಎಡವುವುದು ಇಲ್ಲೇ. ಅವರದೇನು ತಪ್ಪು? ಬುದ್ಧಿ ಬಂದಾಗಿನಿಂದ ಅವರು ಪತ್ರಿಕೆಯ ಮುಖಪುಟದಲ್ಲಿ ಓದುತ್ತಿರುವ ಪರಿಹಾರ, ಪ್ಯಾಕೇಜು, ಅನುದಾನಗಳೆಲ್ಲ ಕನ್ಸೋಲ್ ಲಾಗ್‌ಗಳೇ. ರಿಟರ್ನ್ ಎಂಬುದೊಂದಿದೆ ಎಂದು ಅವರಿಗೆ ಹೇಳಿದವರು ಯಾರು? ರಿಟರ್ನ್ ಬರೆದವರೂ ಅಷ್ಟಕ್ಕೇ ನಿರಾಳವಾಗಬಾರದು. ರಿಟರ್ನ್ ಎಂದು ಬರೆದು, ಎಂಟರ್ ಒತ್ತಿ, ಮೊತ್ತವನ್ನು ಕೆಳಗಿನ ಸಾಲಿಗೆ ಇಳಿಸಿದಿರೋ, ಜಾವಾಸ್ಕ್ರಿಪ್ಟ್ ತಾನೇ ಅಲ್ಲೊಂದು ಅರ್ಧವಿರಾಮ ಹಾಕಿ ಬರಿಗೈಯಲ್ಲಿ ವಾಪಸು ಕಳಿಸುತ್ತದೆ. ಮಂಜೂರಾತಿ ಒಂದು ಪುಟದಲ್ಲಿ, ಹಣ ಮುಂದಿನ ಪುಟದಲ್ಲಿ. ಮುಂದಿನ ಪುಟ ಯಾರೂ ತಿರುಗಿಸುವುದಿಲ್ಲ.

ಆಮೇಲೆ ಆವರಣದ ಸಮಸ್ಯೆ. ಬಟನ್ ಒತ್ತಿದಾಗ ಪಟ್ಟಿ ಆಗಬೇಕೆಂದರೆ ಬಟನ್ನಿಗೆ ಫಂಕ್ಷನ್ನಿನ ಹೆಸರಷ್ಟೇ ಕೊಡಬೇಕು. ಹೆಸರಿನ ಮುಂದೆ ಎರಡು ಆವರಣ ಚಿಹ್ನೆ ಸೇರಿಸಿದರೆ ಅದು ಆ ಕ್ಷಣವೇ ಕೆಲಸ ಮುಗಿಸಿ, ಅದರ ಫಲವನ್ನಷ್ಟೇ ಬಟನ್ನಿಗೆ ಕಟ್ಟುತ್ತದೆ. ಅಳಿಯ ಆವರಣ ಹಾಕಿದ್ದ. ಪುಟ ತೆರೆದುಕೊಳ್ಳುತ್ತಿದ್ದಂತೆ, ಇನ್ನೂ ಒಂದು ಚೀಲವನ್ನೂ ತೂಗದೆ, ಪಟ್ಟಿ ಸಿದ್ಧವಾಯಿತು. ರೈತ ಗಾಡಿ ಇಳಿಸುವ ಮೊದಲೇ ಪಟ್ಟಿ ಆಗಿರುತ್ತದೆ ಎಂಬ ಗುಮಾನಿ ನಮ್ಮ ಕಡೆ ಹಿಂದಿನಿಂದಲೂ ಇದೆ. ಅದಕ್ಕೆ ತಾಂತ್ರಿಕ ಕಾರಣ ಸಿಕ್ಕಿದ್ದು ಈಗ.

ದರದ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. 2015ರ ಪರಿಷ್ಕರಣೆಯಲ್ಲಿ ಜಾವಾಸ್ಕ್ರಿಪ್ಟಿಗೆ ಒಂದು ಸವಲತ್ತು ಬಂತು. ಫಂಕ್ಷನ್ ಬರೆಯುವಾಗಲೇ ‘ದರ = 12100’ ಎಂದು ಹಾಕಿಟ್ಟರೆ, ಕರೆಯುವವನು ದರ ಹೇಳದಿದ್ದಾಗ ಆ ದರವೇ ಲೆಕ್ಕಕ್ಕೆ ಬರುತ್ತದೆ. ಡೀಫಾಲ್ಟ್ ಪ್ಯಾರಾಮೀಟರ್ ಎನ್ನುತ್ತಾರೆ, ಸರ್ಕಾರದ ಭಾಷೆಯಲ್ಲಿ ಬೆಂಬಲ ಬೆಲೆ. ಅಳಿಯನಿಗೆ ಬಹಳ ಹಿಡಿಸಿತು. “ಇನ್ನು ಯಾರೂ ಇದಕ್ಕಿಂತ ಕಡಿಮೆ ಹಾಕೋಕಾಗಲ್ಲ ಮಾವ!” ಎಂದ.

“ಸೊನ್ನೆ ಹಾಕಿ ನೋಡು” ಎಂದೆ.

ಹಾಕಿದ. ಹಮಾಲಿ ಮುರಿಯುವ ಮೊದಲೇ ಮೊತ್ತ ಸೊನ್ನೆ. ‘ನಲ್’ ಹಾಕಿಸಿದೆ. ಆಗಲೂ ಸೊನ್ನೆ. ಡೀಫಾಲ್ಟ್ ಬೆಲೆ ಮುಂದೆ ಬರುವುದು ಯಾರೂ ಏನೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ. ಯಾರಾದರೂ ಬಾಯಿಬಿಟ್ಟು ಸೊನ್ನೆ ಎಂದರೆ ತಾನೇ ಬಾಯಿ ಮುಚ್ಚಿಕೊಂಡು ಬದಿಗೆ ಸರಿಯುತ್ತದೆ. ಕಡಿಮೆ ಹಾಕುವವನನ್ನು ತಡೆಯಬೇಕೆಂದರೆ ಫಂಕ್ಷನ್ನಿನ ಒಳಗೆ ಒಂದು ಷರತ್ತು ಬರೆಯಬೇಕು, ಕಡಿಮೆಯಾದರೆ ಲೆಕ್ಕವನ್ನೇ ನಿಲ್ಲಿಸಬೇಕು. ಆ ಷರತ್ತು ಎರಡೇ ಸಾಲು. ಅದನ್ನು ಬರೆಯುವ ಉಮೇದು ಮಾತ್ರ ಯಾರಿಗೂ ಇಲ್ಲ. 2025ರಲ್ಲಿ ಮಾರುಕಟ್ಟೆ ದರವೇ ಬೆಂಬಲ ಬೆಲೆಯ ಎರಡು ಪಟ್ಟು ದಾಟಿ ಹೋದದ್ದರಿಂದ ಡೀಫಾಲ್ಟಿನ ಯೋಗ್ಯತೆ ಪರೀಕ್ಷೆಗೆ ಬರಲಿಲ್ಲ, ಬಚಾವಾಯಿತು.

ಸ್ಪೈರಲ್ ಪುಸ್ತಕದಲ್ಲಿ ಕ್ಲೋಷರ್ ಎಂಬುದಕ್ಕೆ ಮೂರು ಪುಟ ಮೀಸಲು. ಫಂಕ್ಷನ್ನಿನ ಒಳಗೆ ಹುಟ್ಟಿದ ಇನ್ನೊಂದು ಫಂಕ್ಷನ್, ಹೊರಗಿನದು ಮುಗಿದುಹೋದ ಮೇಲೂ ಅದರ ಕಾಲದ ಲೆಕ್ಕವನ್ನು ಮರೆಯುವುದಿಲ್ಲ ಎಂಬುದು ಇದರ ಸಾರ. ಹುಡುಗನಿಗೆ ಮೂರು ಪುಟ ಓದಿದರೂ ಹತ್ತಿರಲಿಲ್ಲ. ಅವನ ತಾತ ಮಂಡಿಯಲ್ಲಿ ಮುಂಗಡ ತಂದಿದ್ದು, ತಾತ ತೀರಿಕೊಂಡ ಮೇಲೂ ಮಂಡಿಯ ಖಾತೆ ಆ ಬಾಕಿಯನ್ನು ಮರೆಯದೆ ಅಪ್ಪನ ಪಟ್ಟಿಯಲ್ಲಿ ಮುರಿಯುತ್ತಿದ್ದುದು, ಆ ಬಾಕಿ ಎಷ್ಟೆಂದು ಹೊರಗಿನ ಯಾರಿಗೂ ಕಾಣದಿದ್ದುದು, ಕೈಹಾಕಿ ತಿದ್ದಲಾಗದಿದ್ದುದು, ಇಷ್ಟು ನೆನಪಿಸಿದೆ. “ಓ, ಅದಾ!” ಎಂದ. ಆಮೇಲೆ ಅವನೇ ಖಾತೆಯ ಫಂಕ್ಷನ್ ಬರೆದು, ಹತ್ತು ರೈತರಿಗೆ ಬಾಕಿಯ ಮೆಸೇಜು ಒಂದೊಂದು ಸೆಕೆಂಡ್ ಬಿಟ್ಟು ಹೋಗುವ ಹಾಗೆ ಮಾಡಿದ. ಹತ್ತೂ ಜನರಿಗೆ ಹತ್ತನೆಯವನ ಬಾಕಿಯೇ ಹೋಯಿತು. ಲೂಪ್ ಎಂಬ ಸುತ್ತಿನ ಒಳಗೆ ವಾರ್ ಎಂದು ಬರೆದರೆ ಇಡೀ ಸುತ್ತಿಗೆ ಇರುವುದು ಒಂದೇ ‘ಬಾಕಿ’; ಮೆಸೇಜು ಹೊರಡುವ ಹೊತ್ತಿಗೆ ಅಲ್ಲಿ ಕೊನೆಯವನದು ಕೂತಿರುತ್ತದೆ. ಲೆಟ್ ಎಂದು ತಿದ್ದಿದರೆ ಪ್ರತಿಯೊಬ್ಬನಿಗೂ ಅವನವನ ಬಾಕಿ. ಮೂರು ಪುಟದಲ್ಲಿ ಈ ಒಂದು ಮಾತು ಸಿಗಲಿಲ್ಲ.

ಜಾವಾಸ್ಕ್ರಿಪ್ಟಿನ ‘ದಿಸ್’ ಎಂಬ ಪದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಮೂಲಿ ಫಂಕ್ಷನ್ನಿನಲ್ಲಿ ಅದರ ಬೆಲೆ ನಿರ್ಧಾರವಾಗುವುದು ಎಲ್ಲಿ ಬರೆದರು ಎಂಬುದರಿಂದಲ್ಲ, ಯಾರು ಕರೆದರು ಎಂಬುದರಿಂದ. ರೆಸಾರ್ಟ್ ರಾಜಕೀಯ ನೋಡಿದ ನಾಡಿನ ಮಕ್ಕಳಿಗೆ ಇದನ್ನು ಪಾಠ ಮಾಡಬೇಕಾಗಿ ಬಂದಿರುವುದೇ ನಾಚಿಕೆಗೇಡು. ಬಾಣದ ಗುರುತಿನ ಫಂಕ್ಷನ್ ಮಾತ್ರ ಹುಟ್ಟಿದ ಮನೆಯ ‘ದಿಸ್’ ಬಿಡುವುದಿಲ್ಲ. ಅಂಥವರಿಗೆ ಟಿಕೆಟ್ ಸಿಗುವುದಿಲ್ಲ.

ಹೆಸರಿಡುವ ವಿಷಯಕ್ಕೆ ನನಗೂ ಅಳಿಯನಿಗೂ ಜೋರು ಜಗಳವೇ ಆಯಿತು. ಅವನ ಕೋಡಿನಲ್ಲಿ ಟೆಂಪ್, ಟೆಂಪ್ ಒನ್, ಫೈನಲ್, ಫೈನಲ್ ನ್ಯೂ ಎಂಬ ಅನಾಥ ಮಕ್ಕಳು. ಹೆಸರೇ ಇಲ್ಲದ ಫಂಕ್ಷನ್ನುಗಳು ಬೇರೆ. ಎರರ್ ಬಂದಾಗ ಯಾರ ತಪ್ಪು ಎಂದು ನೋಡಿದರೆ ‘ಅನಾನಿಮಸ್’ ಎಂದು ತೋರಿಸುತ್ತದೆ, ಥೇಟು ಮೂಗರ್ಜಿ. ಹೆಸರು ಹಾಕುವುದು ಹೇಗೆಂದು ನೋಡಲು ದೂರ ಹೋಗಬೇಕಿಲ್ಲ, ಒಂದು ಬಸ್ಸು ಹತ್ತಿದರೆ ಬೇಲೂರು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಶಿಲ್ಪದ ಕೆಳಗೆ ಹೆಸರು, ಬಿರುದು ಸಮೇತ ಬರೆದು ಹೋಗಿದ್ದಾರೆ. ಒಂಬೈನೂರು ವರ್ಷದ ಮೇಲೂ ಇದು ಯಾರ ಕೈ ಎಂದು ಹೇಳಬಹುದು. ಕಳೆದ ವಾರ ಅಳಿಯನೇ ಬರೆದ ಫಂಕ್ಷನ್ ಯಾಕಿದೆ ಎಂದು ಅಳಿಯನೇ ಹೇಳಲಾರ.

“ಪಟ್ಟಿ, ತೂಕ, ದರ ಅಂತ ಕನ್ನಡದಲ್ಲೇ ಹೆಸರಿಡೋ” ಎಂದೆ.

“ಕನ್ನಡ ತಗೊಳಲ್ಲ ಮಾವ, ಎರರ್ ಬರುತ್ತೆ.”

ಹಾಕಿ ನೋಡಿದವರು ಯಾರೂ ಇಲ್ಲ, ಎರರ್ ಬರುತ್ತದೆ ಎಂದು ಹೇಳುವವರೇ ಎಲ್ಲ. ಜಾವಾಸ್ಕ್ರಿಪ್ಟಿನ 1999ರ ಮೂರನೇ ಆವೃತ್ತಿಯಿಂದಲೇ ಯೂನಿಕೋಡಿನ ಅಕ್ಷರಗಳಲ್ಲಿ ಹೆಸರಿಡಬಹುದು. ಒತ್ತು, ದೀರ್ಘ ಯಾವುದಕ್ಕೂ ತಕರಾರಿಲ್ಲ. ಹಾಕಿಸಿದೆ, ಓಡಿತು. ಹುಡುಗನಿಗೆ ಖುಷಿಯಾಗಲಿಲ್ಲ, ಇಂಗ್ಲಿಷ್ ಬಾರದವನು ಎಂದುಕೊಂಡಾರು ಎಂಬ ಅಳುಕು. ನ್ಯಾಯವಾಗಿ ಅವನ ಪರವಾಗಿಯೂ ಎರಡು ಮಾತಿದೆ. ಕೀಬೋರ್ಡು ‘ಸ್ಟಾಕ್’ ಎಂಬ ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸಿಬಿಟ್ಟರೆ, ನೋಡಲು ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಆಸಾಮಿಗಳು. ಪಹಣಿಯಲ್ಲಿ ಒಂದಕ್ಷರ, ಆಧಾರಿನಲ್ಲಿ ಒಂದಕ್ಷರ ಇರುವವರಿಗೆ ಇದರ ಕಷ್ಟ ಗೊತ್ತು. ಹಾಗೆಯೇ ತೂಕವನ್ನು ಕನ್ನಡ ಅಂಕಿಯಲ್ಲಿ ೪೮ ಎಂದು ತುಂಬಿದರೆ ‘ಇದು ಸಂಖ್ಯೆಯೇ ಅಲ್ಲ’ ಎನ್ನುತ್ತದೆ. ಆ ‘ಸಂಖ್ಯೆಯಲ್ಲ’ ಎಂಬುದು ಯಾವ ಜಾತಿಯಪ್ಪಾ ಎಂದು ವಿಚಾರಿಸಿದರೆ ‘ಸಂಖ್ಯೆ’ ಎಂದು ಉತ್ತರ ಬರುತ್ತದೆ. ಮೀಸಲಾತಿ ಪ್ರಮಾಣಪತ್ರದ ಕೌಂಟರಿನಲ್ಲಿ ನಿಂತ ಅನುಭವವಾಗುತ್ತದೆ.

ಇಂಟರ್‌ವ್ಯೂ ನಡೆದದ್ದು ವಿಡಿಯೋ ಕಾಲಿನಲ್ಲಿ. ಸಿಗ್ನಲ್ಲಿಗಾಗಿ ಹುಡುಗ ಮಹಡಿಯ ಮೇಲೆ, ಒಣಹಾಕಿದ ಕೊಬ್ಬರಿಯ ಪಕ್ಕ, ಟೈ ಕಟ್ಟಿಕೊಂಡು ಕೂತಿದ್ದ. ಸೊಂಟದಿಂದ ಕೆಳಗೆ ಲುಂಗಿ. ಆ ಕಡೆಯವರು ಹಾಯ್ಸ್ಟಿಂಗ್ ಕೇಳಿದರು, ಕ್ಲೋಷರ್ ಕೇಳಿದರು. ಹುಡುಗ ಪಟ್ಟಿಯ ಫಂಕ್ಷನ್, ಸೊನ್ನೆ ದರ, ಹತ್ತು ರೈತರ ಮೆಸೇಜು ಎಂದು ವಿವರಿಸಲು ಹೋದ. ಕೇಳುವವರ ಮುಖ ಕಂಗೆಟ್ಟಿತು. ಅವರ ಕನ್ನಡಕದ ಗಾಜಿನಲ್ಲಿ ಒಂದು ಬಿಳಿ ಹಾಳೆ ಪ್ರತಿಫಲಿಸುತ್ತಿತ್ತು. ಅದು ನಮ್ಮ ಸ್ಪೈರಲ್ ಪುಸ್ತಕದ ಅದೇ ಪುಟ, ಕೊಬ್ಬರಿ ಅದರಲ್ಲಿ ಇರಲಿಲ್ಲ. ಹುಡುಗನಿಗೂ ಹೊಳೆಯಿತು. ರಾಗ ಬದಲಿಸಿ ಪುಸ್ತಕದ ವಾಕ್ಯವನ್ನು ಹಾಗೆಯೇ ಒಪ್ಪಿಸಿದ. “ಎಕ್ಸಲೆಂಟ್!” ಎಂದರು.

ಕರೆ ಬರುವವರೆಗೆ ಸುಮ್ಮನಿರಬಾರದೆಂದು ಪಟ್ಟಿಯ ಪ್ರೋಗ್ರಾಮನ್ನು ಒಂದು ಮಂಡಿಗೆ ತೋರಿಸಲು ಕರೆದುಕೊಂಡು ಹೋದೆ. ಗಾದಿಯ ಮೇಲಿದ್ದ ಸಾಹುಕಾರರು ಓದಿದ್ದು ಎಷ್ಟೋ ಗೊತ್ತಿಲ್ಲ. ಕನ್ನಡಕ ಏರಿಸಿ, ತೂಕ ತುಂಬಿಸಿ, ಮೊತ್ತವನ್ನು ತಮ್ಮ ಬಾಯಿಲೆಕ್ಕಕ್ಕೆ ಹೊಂದಿಸಿ ನೋಡಿದರು. ತಾಳೆಯಾಯಿತು. ಸ್ವಲ್ಪ ಬೇಸರವಾದ ಹಾಗೆ ಕಂಡಿತು.

“ತೂಕ ತಿದ್ದಕ್ಕೆ ಎಲ್ಲಿ ಒತ್ತಬೇಕು?”

“ತಿದ್ದಕ್ಕಾಗಲ್ಲ ಸಾಹುಕಾರ್ರೆ. ‘ಲೆಕ್ಕ’ ಅಂತ ಒಂದು ಆಬ್ಜೆಕ್ಟ್ ಮಾಡಿ ಕಾನ್ಸ್ಟ್ ಹಾಕಿದೀನಿ.”

“ಹಂಗಂದ್ರೆ?”

“ಆ ಹೆಸರಿಗೆ ಒಂದ್ಸಲ ಕಟ್ಟಿದ ಮೇಲೆ ಬೇರೆದನ್ನ ಕಟ್ಟಕ್ಕೆ ಬಿಡಲ್ಲ.”

“ಹೆಸರು ಕಟ್ಕೊಂಡು ನಂಗೇನಾಗ್ಬೇಕಪ್ಪ. ಒಳಗಿರೋ ತೂಕ?”

ಇಂಟರ್‌ವ್ಯೂನಲ್ಲಿ ಅವರು ಕೇಳದೇ ಬಿಟ್ಟ ಪ್ರಶ್ನೆ. ಹುಡುಗ ನನ್ನ ಮುಖ ನೋಡಿದ. ಸುಳ್ಳು ಹೇಳಿ ಅಭ್ಯಾಸವಿಲ್ಲ.

“ಒಳಗಿರೋದನ್ನ... ಬದಲಾಯಿಸ್ಬಹುದು. ಕಾನ್ಸ್ಟ್ ಅದನ್ನ ತಡಿಯಲ್ಲ.”

ಸಾಹುಕಾರರ ಮುಖ ಅರಳಿತು. ಹುಡುಗನಿಗೆ ಕಾಫಿ ಹೇಳಿದರು.

“ಚೆನ್ನಾಗಿ ಮಾಡಿದ್ದೀಯ ಕಣಪ್ಪ. ಇದನ್ನ ರಸೀದಿ ಬದಲು ಬಿಳಿ ಚೀಟಿ ಮೇಲೆ ಪ್ರಿಂಟ್ ತೆಗೀಬಹುದಾ?”