ತುರ್ತುಮೀಮಾಂಸೆ

ಗ್ರಂಥ ಶುರುವಾಗುವ ಮೊದಲು ಅದನ್ನು ಓದಲು ಅಧಿಕಾರಿ ಯಾರು ಎಂದು ಹೇಳಿಬಿಡುವುದು ಶಾಸ್ತ್ರಕಾರರ ಪದ್ಧತಿ. ಈ ಗ್ರಂಥಕ್ಕೆ ಅಧಿಕಾರಿ ಯಾರೆಂದರೆ, ಅಮೆರಿಕದಲ್ಲಿ ಸಂಸಾರ ಹೂಡಿದವನು, ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವನು, ಶನಿವಾರ ಸಂಜೆ ಇನ್ಶೂರೆನ್ಸ್ ಕಾರ್ಡಿಗಾಗಿ ಡ್ರಾಯರುಗಳನ್ನೆಲ್ಲ ಜಾಲಾಡುತ್ತಿರುವವನು. ಮೂರೂ ಲಕ್ಷಣ ಕೂಡಿದವನು ಉತ್ತಮಾಧಿಕಾರಿ. ಹಲ್ಲಿನ ಡಾಕ್ಟರೊಬ್ಬ ಸ್ನೇಹಿತನಾಗಿರುವವನು ಮಧ್ಯಮಾಧಿಕಾರಿ. ಮನೆಯಲ್ಲೇ ಡಾಕ್ಟರಿರುವವನಿಗೆ ಅಧಿಕಾರವಿಲ್ಲ. ಅವನು ಓದಿ ನಗುತ್ತಾನೆ, ಅದರಿಂದ ಶಾಸ್ತ್ರದ ಗೌರವಕ್ಕೆ ಕುಂದು.

ಮೀಮಾಂಸಕರು ಒಂದೊಂದು ವಿಚಾರವನ್ನೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಕಟ್ಟಿ ಅಧಿಕರಣ ಮಾಡುತ್ತಾರೆ. ನಾವೂ ಹಾಗೇ ಮಾಡುತ್ತೇವೆ.

ವಿಷಯಕ್ಕೆ ದೇವದತ್ತನನ್ನು ತೆಗೆದುಕೊಳ್ಳೋಣ. ತರ್ಕಶಾಸ್ತ್ರದವರು ಶತಮಾನಗಳಿಂದ ಉದಾಹರಣೆ ಬೇಕಾದಾಗಲೆಲ್ಲ ಇವನನ್ನೇ ಎಳೆತಂದಿದ್ದಾರೆ. ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು ಎಂದು ಮೀಮಾಂಸಕರು ಅರ್ಥಾಪತ್ತಿ ಪ್ರಮಾಣವನ್ನು ಸಾಧಿಸಿದ್ದು ಇವನ ಹೊಟ್ಟೆಯ ಮೇಲೆಯೇ. ಆ ದೇವದತ್ತ ಈಗ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬೆಂಗಳೂರಿನ ಟೀಮಿನ ಜತೆ ರಾತ್ರಿ ಕಾಲ್ ಇರುವುದರಿಂದ ಈಗಲೂ ರಾತ್ರಿಯೇ ತಿನ್ನುತ್ತಾನೆ. ಅವನ ತಂದೆ ಅರಸೀಕೆರೆ ಕಡೆಯ ನಿವೃತ್ತ ಹೆಡ್‌ಮೇಷ್ಟ್ರು, ಆರು ತಿಂಗಳಿಗೆಂದು ಬಂದಿದ್ದಾರೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೋಳಿಗೆ ಮುಗಿಸಿ ಮನೆಗೆ ಬಂದ ಸಂಜೆ ಅವರಿಗೆ ಎದೆ ಹಿಡಿದ ಹಾಗಾಯಿತು. ಬೆವರೂ ಬಂತು. 'ಗ್ಯಾಸು ಕಣೋ' ಎಂದರು.

ಸಂಶಯ ಹುಟ್ಟುವುದು ಇಲ್ಲಿ. ಆ ದೇಶದಲ್ಲಿ ರೋಗಿ ಮೊದಲು ತನ್ನ ರೋಗ ಯಾವ ದರ್ಜೆಯದೆಂದು ತಾನೇ ತೀರ್ಮಾನಿಸಿ, ಅದಕ್ಕೆ ತಕ್ಕ ಬಾಗಿಲಿಗೆ ಹೋಗಬೇಕು. ಒಂದು ಬಾಗಿಲು ಅರ್ಜೆಂಟ್ ಕೇರ್. ದಿನಸಿ ಅಂಗಡಿ, ಪಿಜ್ಜಾ ಅಂಗಡಿಗಳ ಸಾಲಿನಲ್ಲಿರುತ್ತದೆ. ಗಂಟಲು ನೋವು, ಕಿವಿ ನೋವು, ಉರಿಮೂತ್ರ, ಉಳುಕಿದ ಕಾಲು, ಈರುಳ್ಳಿ ಹೆಚ್ಚುವಾಗ ಕೊಯ್ದುಕೊಂಡ ಬೆರಳು, ಇವುಗಳನ್ನು ನೋಡುತ್ತದೆ. ಹೊಲಿಗೆ ಹಾಕುತ್ತದೆ, ಎಕ್ಸ್‌ರೇ ತೆಗೆಯುತ್ತದೆ. ಇನ್ನೊಂದು ಆಸ್ಪತ್ರೆಯ ಇ.ಆರ್., ಅಂದರೆ ಎಮರ್ಜೆನ್ಸಿ ರೂಮು. ರಾತ್ರಿ ಹಗಲು ತೆರೆದಿರುತ್ತದೆ, ಸಿ.ಟಿ. ಸ್ಕ್ಯಾನ್, ಲ್ಯಾಬು, ಆಪರೇಷನ್ ಥಿಯೇಟರು, ಎಲ್ಲ ಅದರ ಬೆನ್ನ ಹಿಂದೆಯೇ. ಮೊದಲನೆಯದರ ಬಿಲ್ಲು ಸಾಮಾನ್ಯವಾಗಿ ಮೂರಂಕಿಯದು. ಎರಡನೆಯದು ನಾಲ್ಕಂಕಿಯಿಂದ ಆಚೆಗೆ ಎಲ್ಲಿಗೆ ಬೇಕಾದರೂ ಹೋಗಬಲ್ಲದು. ಮೇಷ್ಟ್ರು ಡಾಲರನ್ನು ಕೇಳಿದ ತಕ್ಷಣ ರೂಪಾಯಿಗೆ ಗುಣಿಸುವವರು. ಗುಣಾಕಾರ ಮುಗಿಯುವಷ್ಟರಲ್ಲಿ ನೋವು ಕಮ್ಮಿಯಾಯಿತೆಂದು ಅವರೇ ಘೋಷಿಸಿದರು.

ಈಗ ಪೂರ್ವಪಕ್ಷಗಳು.

ಇವುಗಳಲ್ಲಿ ಅತ್ಯಂತ ಪ್ರಬಲವಾದದ್ದು ವಾಯುವಾದ. ಕೊರಳಿನಿಂದ ತೊಡೆಯವರೆಗೆ ಎಲ್ಲೇ ನೋವು ಬಂದರೂ ಅದು ಗ್ಯಾಸೇ ಎಂಬುದು ಈ ದರ್ಶನದ ಮೂಲ ಪ್ರತಿಜ್ಞೆ. ಎಡಗೈ ನೋವು? ಗ್ಯಾಸು ಕೈಗೆ ಇಳಿದಿದೆ. ದವಡೆ ನೋವು? ಮೇಲಕ್ಕೇರಿದೆ. ಓಂಕಾಳು, ಜೀರಿಗೆ ಕಷಾಯ, ಸೋಡಾ, ಈ ಮೂರರಲ್ಲಿ ಎಲ್ಲ ಚಿಕಿತ್ಸೆಯೂ ಅಡಗಿದೆ. ಸೋಡಾ ಕುಡಿದು ಒಂದು ದೊಡ್ಡ ತೇಗು ಬಂದರೆ ಸಭೆಯಲ್ಲಿದ್ದವರೆಲ್ಲ 'ನೋಡಿ!' ಎನ್ನುತ್ತಾರೆ, ವಾದ ಗೆದ್ದಿತು. ಇದಕ್ಕೆ ನಮ್ಮ ಉತ್ತರ: ತೇಗು ಎಂಬ ಹೇತು ಅನೈಕಾಂತಿಕ. ಗ್ಯಾಸಿದ್ದಲ್ಲಿ ತೇಗು ಬರುವುದು ನಿಜ. ಹೃದಯಾಘಾತದಲ್ಲೂ ಹೊಟ್ಟೆ ತೊಳಸುತ್ತದೆ, ತೇಗೂ ಬರುತ್ತದೆ. ಎರಡು ಕಡೆಗೂ ಸಾಕ್ಷಿ ಹೇಳುವವನನ್ನು ಯಾವ ಕೋರ್ಟೂ ನಂಬುವುದಿಲ್ಲ. ಅಷ್ಟೇ ಅಲ್ಲ, ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ಹೊಟ್ಟೆ ಸಂಕಟವಾಗಿಯೇ ಹೃದಯಾಘಾತ ಬಂದುಹೋಗಬಹುದು.

ನಮ್ಮವರ ಹೃದಯದ ಬಗ್ಗೆ ಅಮೆರಿಕದವರಿಗೇ ನಮಗಿಂತ ಹೆಚ್ಚು ಗುಮಾನಿ. ಅಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರ ರಕ್ತನಾಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿಕೊಂಡು ಬಂದಿರುವ ಅಧ್ಯಯನವೊಂದು 2010ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಮತ್ತು ಶಿಕಾಗೋ ಕಡೆಯಲ್ಲಿ ಶುರುವಾಯಿತು. ಅದಕ್ಕೆ 'ಮಸಾಲಾ' ಎಂದು ಹೆಸರು. ಇದು ನಮ್ಮ ಕುಚೋದ್ಯವಲ್ಲ, ಅವರೇ ಇಟ್ಟದ್ದು. 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿಯಂತೂ ದಕ್ಷಿಣ ಏಷ್ಯಾದ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಗೆ ಸೇರಿಸಿದೆ. ಹುಟ್ಟೇ ಒಂದು ರೋಗಲಕ್ಷಣವೆಂದ ಮೇಲೆ ವಾಯುವಾದಿಗಳು ಸ್ವಲ್ಪ ಮೆತ್ತಗಾಗಬೇಕಿತ್ತು. ಆಗಿಲ್ಲ. ಈ ಪ್ರಮಾಣವನ್ನು ಮಂಡಿಸಿದಾಗ ಮೇಷ್ಟ್ರು ಕೇಳಿದ್ದು, 'ಆ ಮಸಾಲಾದವರು ಗ್ಯಾಸು ಎಷ್ಟು ಜನಕ್ಕಿತ್ತು ಅಂತ ಬರ್ಕೊಂಡಿದಾರಾ?'

ಎರಡನೆಯದು ಶಬ್ದಪ್ರಮಾಣವಾದಿಗಳ ಪಕ್ಷ. ಆಪ್ತನ ಮಾತೇ ಪ್ರಮಾಣ. ಆಪ್ತನೆಂದರೆ ವಾಟ್ಸಾಪ್ ಗುಂಪಿನಲ್ಲಿ ಹೆಸರಿನ ಹಿಂದೆ 'ಡಾ.' ಇರುವವನು. ಸೊಸೆ ಗುಂಪಿಗೆ ಹಾಕಿದ ಪ್ರಶ್ನೆಗೆ ಮೂರು ಡಾಕ್ಟರುಗಳು ಉತ್ತರಿಸಿದರು. ಒಬ್ಬರು ಚರ್ಮರೋಗದವರು, ಒಬ್ಬರು ಪಶುವೈದ್ಯರು, ಮೂರನೆಯವರು ವಚನ ಸಾಹಿತ್ಯದಲ್ಲಿ ಡಾಕ್ಟರೇಟ್ ಮಾಡಿದವರು. ಕೂಡಲೇ ಇ.ಆರ್.ಗೆ ಹೋಗಿ ಎಂದು ಸರಿಯಾಗಿ ಹೇಳಿದ್ದು ಮೂರನೆಯವರು. ಇದರಿಂದ ಶಬ್ದಪ್ರಮಾಣವನ್ನು ಪೂರ್ತಿ ತಳ್ಳಿಹಾಕುವಂತಿಲ್ಲವೆಂದು ಗ್ರಂಥಕಾರರ ಅಭಿಪ್ರಾಯ.

ಮೂರನೆಯದು ಮಿತವ್ಯಯವಾದ: ಮೊದಲು ಅಗ್ಗದ ಬಾಗಿಲಿಗೆ ಹೋಗೋಣ, ಅವರೇ ಬೇಕೆಂದರೆ ಮುಂದಕ್ಕೆ ಕಳಿಸಲಿ. ಕೇಳಲು ಹಿತ. ಆದರೆ ಎದೆನೋವೆಂದು ಅರ್ಜೆಂಟ್ ಕೇರಿಗೆ ಹೋದರೆ ಅಲ್ಲಿಯವರು ಹೆಚ್ಚೆಂದರೆ ಒಂದು ಇ.ಸಿ.ಜಿ. ತೆಗೆದು, ಮುಖ ಬಿಗಿ ಮಾಡಿಕೊಂಡು, 911ಕ್ಕೆ ಫೋನ್ ಮಾಡುತ್ತಾರೆ. ಆಗ ಅರ್ಜೆಂಟ್ ಕೇರಿನ ಬಿಲ್ಲು, ಆಂಬುಲೆನ್ಸಿನ ಬಿಲ್ಲು, ಇ.ಆರ್.ನ ಬಿಲ್ಲು, ಮೂರೂ ಬರುತ್ತವೆ. ಜತೆಗೆ ಹೋದ ಸಮಯವನ್ನು ಯಾವ ಬಿಲ್ಲಿನಲ್ಲೂ ತೋರಿಸುವುದಿಲ್ಲ.

ಈ ಪಕ್ಷಕ್ಕೆ ಸೇರಿದ ಯಜ್ಞದತ್ತನ ಕಥೆಯನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬೇಕು. ದೇವದತ್ತನಂತೆಯೇ ತರ್ಕಶಾಸ್ತ್ರದಿಂದ ವಲಸೆ ಹೋದವನು, ಪಕ್ಕದ ಬೀದಿಯಲ್ಲೇ ಮನೆ. ಮಗುವಿಗೆ ಕಿವಿನೋವೆಂದು ಶಾಸ್ತ್ರೋಕ್ತವಾಗಿ ಅರ್ಜೆಂಟ್ ಕೇರಿಗೇ ಹೋದ. ಅಂಗಡಿ ಸಾಲು, ಗಾಜಿನ ಬಾಗಿಲು, ಕಾಫಿ ಮೆಷಿನ್ನು, ಹತ್ತೇ ನಿಮಿಷದಲ್ಲಿ ಡಾಕ್ಟರ ದರ್ಶನ. ಎಷ್ಟು ಚೆನ್ನಾಗಿದೆ ಎಂದುಕೊಂಡ. ತಿಂಗಳ ಮೇಲೆ ಬಿಲ್ಲು ಬಂದಾಗ ತಿಳಿಯಿತು, ಅದು ಅರ್ಜೆಂಟ್ ಕೇರ್ ಅಲ್ಲ, ಆಸ್ಪತ್ರೆಯ ಹಂಗಿಲ್ಲದೆ ಒಂಟಿಯಾಗಿ ನಿಂತ ಇ.ಆರ್. ಇಂಥವಕ್ಕೆ ಟೆಕ್ಸಸ್ 2009ರಲ್ಲಿ ಕಾನೂನು ಮಾಡಿ ಲೈಸೆನ್ಸ್ ಕೊಟ್ಟಿತು. ಆಮೇಲೆ ಡಲ್ಲಾಸ್, ಹ್ಯೂಸ್ಟನ್ ಸುತ್ತ ಅವು ಮಳೆಗಾಲದ ಅಣಬೆಗಳಂತೆ ಎದ್ದವು. ವೇದಾಂತಿಗಳ ಹಗ್ಗ-ಹಾವಿನ ದೃಷ್ಟಾಂತದಲ್ಲಿ ದೀಪ ತಂದು ನೋಡಿದರೆ ಹಾವು ಹಗ್ಗವಾಗುತ್ತದೆ. ಇಲ್ಲಿ ಉಲ್ಟಾ. ಹಗ್ಗವೆಂದು ಹಿಡಿದದ್ದು ಬೆಳಕಿನಲ್ಲಿ ಹಾವಾಯಿತು, ಅದರ ಹಲ್ಲಿಗೆ 'ಫೆಸಿಲಿಟಿ ಫೀ' ಎಂದು ಹೆಸರು. ಆದ್ದರಿಂದ ಬೋರ್ಡಿನಲ್ಲಿ 'ಎಮರ್ಜೆನ್ಸಿ' ಎಂಬ ಪದ ಎಲ್ಲಾದರೂ ಇದೆಯೇ ಎಂದು ಒಳಗೆ ಹೋಗುವ ಮುನ್ನ ಓದಿಕೊಳ್ಳತಕ್ಕದ್ದು.

ಇನ್ನು ಇನ್ಶೂರೆನ್ಸ್ ಕಂಪನಿಗಳ ದರ್ಶನವನ್ನೂ ನೋಡಬೇಕು. ಬಿಟ್ಟರೆ ಅವರು ಬೇಸರ ಮಾಡಿಕೊಳ್ಳುತ್ತಾರೆ. ಊರಿನಿಂದ ಬಂದವರಿಗೆ ಮಾಡಿಸುವ ವಿಸಿಟರ್ ಇನ್ಶೂರೆನ್ಸ್ ಶುದ್ಧ ಸಾಂಖ್ಯಮತದ್ದು. ಕಾರ್ಯವೆಂಬುದು ಹುಟ್ಟುವ ಮೊದಲೇ ಕಾರಣದಲ್ಲಿ ಅಡಗಿರುತ್ತದೆ ಎಂಬ ಸತ್ಕಾರ್ಯವಾದವೇ ಅದರ ಜೀವಾಳ. ಮಡಕೆ ಮಣ್ಣಿನಲ್ಲೇ ಇತ್ತು, ಮೊಸರು ಹಾಲಿನಲ್ಲೇ ಇತ್ತು, ಮೇಷ್ಟ್ರ ಎದೆನೋವು ಅವರ ಹಳೆಯ ಬಿ.ಪಿ.ಯಲ್ಲೇ ಇತ್ತು, ಆದ್ದರಿಂದ ಇದು ಮೊದಲಿನಿಂದಲೂ ಇದ್ದ ಕಾಯಿಲೆ, ದುಡ್ಡು ಕೊಡುವುದಿಲ್ಲ. ನೈಯಾಯಿಕನಾದ ದೇವದತ್ತ ಇದಕ್ಕೆ ಪ್ರಾಗಭಾವವನ್ನು ಸಾಧಿಸಬೇಕು. ಅಂದರೆ ಈ ರೋಗ ಈ ಶನಿವಾರದ ಹಿಂದೆ ಇರಲೇ ಇಲ್ಲವೆಂದು ಅರಸೀಕೆರೆಯ ಡಾಕ್ಟರ ಚೀಟಿಗಳಿಂದ ರುಜುವಾತು ಮಾಡಬೇಕು. ಆ ಚೀಟಿಗಳ ಅಕ್ಷರವನ್ನು ಓದಬಲ್ಲವರು ಅಲ್ಲಿಯ ಮೆಡಿಕಲ್ ಸ್ಟೋರಿನ ಹುಡುಗನೊಬ್ಬನೇ. ಕೆಲವು ಪಾಲಿಸಿಗಳಲ್ಲಿ ಹಳೆಯ ಕಾಯಿಲೆ ದಿಢೀರನೆ ಕೆರಳಿದರೆ ಒಂದಿಷ್ಟು ಕೊಡುತ್ತೇವೆಂಬ ವಿನಾಯಿತಿ ಇದೆ; ಅದಕ್ಕೂ ವಯಸ್ಸಿನ ಮಿತಿ ಇರುತ್ತದೆ. ಮೇಷ್ಟ್ರ ವಯಸ್ಸು ಸಾಮಾನ್ಯವಾಗಿ ಆ ಮಿತಿಗಿಂತ ಒಂದು ವರ್ಷ ಹೆಚ್ಚು.

ಇಷ್ಟೆಲ್ಲ ವಾದ ನಡೆಯುತ್ತಿರುವಾಗ ಮೇಷ್ಟ್ರು ಸೋಫಾದ ಮೇಲೆ ಬೆವರುತ್ತಲೇ ಇದ್ದರೆಂಬುದನ್ನು ಓದುಗರು ಮರೆಯಬಾರದು. ಪೂರ್ವಪಕ್ಷ ದೀರ್ಘವಾದಷ್ಟೂ ಗ್ರಂಥಕ್ಕೆ ಶೋಭೆ, ರೋಗಿಗೆ ಅಲ್ಲ. ಆದಕಾರಣ ಸಿದ್ಧಾಂತಕ್ಕೆ ಬರುತ್ತೇವೆ. ಅದು ಎರಡು ಸೂತ್ರಗಳಲ್ಲಿದೆ.

ಎದೆ, ಉಸಿರು, ಮಾತು, ಪ್ರಜ್ಞೆ: ಇಲ್ಲಿ ವಿಚಾರವಿಲ್ಲ.

ಎದೆ ಹಿಡಿದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಚರ್ಚೆ ಮಾಡದೆ 911ಕ್ಕೆ ಫೋನ್ ಮಾಡತಕ್ಕದ್ದು. ಆದಿಶಬ್ದದಿಂದ ಬಾಯಿ ಸೊಟ್ಟಗಾಗುವುದು, ಒಂದು ಕೈ ಜೋಲುವುದು, ನಿಲ್ಲದ ರಕ್ತ, ತಲೆಗೆ ಪೆಟ್ಟು ಬಿದ್ದು ವಾಂತಿ, ಇವನ್ನೂ ಸೇರಿಸಿಕೊಳ್ಳಬೇಕು. ಸೂತ್ರದಲ್ಲಿ ಆದಿಶಬ್ದ ಇಲ್ಲವಲ್ಲ ಎಂದರೆ, ಭಾಷ್ಯಕಾರರಿಗೆ ಅಷ್ಟು ಸ್ವಾತಂತ್ರ್ಯವಿದೆ. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಗಡಿಯಾರ ಶುರುವಾಗುವುದು ಆಸ್ಪತ್ರೆ ಮುಟ್ಟಿದಾಗಿನಿಂದಲ್ಲ, ರೋಗಿ ಕೊನೆಯ ಬಾರಿಗೆ ಸರಿಯಾಗಿದ್ದಾಗಿನಿಂದ. ಕಾರಿನಲ್ಲೇ ಕರೆದುಕೊಂಡು ಹೋಗೋಣವೆಂಬ ಆಸೆ ದೇವದತ್ತನಿಗೂ ಬಂತು, ಕಾರಣವಿಲ್ಲದಿಲ್ಲ. ಅನಿರೀಕ್ಷಿತ ಬಿಲ್ಲುಗಳಿಂದ ರಕ್ಷಿಸಲೆಂದು 2022ರಲ್ಲಿ ಜಾರಿಗೆ ಬಂದ ಅಲ್ಲಿಯ ಕಾನೂನು ಹೆಲಿಕಾಪ್ಟರ್ ಆಂಬುಲೆನ್ಸನ್ನು ಒಳಗೆ ಸೇರಿಸಿಕೊಂಡು, ರಸ್ತೆಯ ಆಂಬುಲೆನ್ಸನ್ನು ಹೊರಗೇ ಬಿಟ್ಟಿದೆ. 'ನಮ್ಮಲ್ಲಿ 108ಕ್ಕೆ ಮಾಡಿದ್ರೆ ಕಾಸಿಲ್ಲದೆ ಬರ್ತಾರೆ' ಎಂದು ಮೇಷ್ಟ್ರು ಆ ಸ್ಥಿತಿಯಲ್ಲೂ ನೆನಪಿಸಿದರು. ಆದರೆ ಆಂಬುಲೆನ್ಸಿನವರು ದಾರಿಯಲ್ಲೇ ಇ.ಸಿ.ಜಿ. ತೆಗೆದು ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಬಲ್ಲರು. ದೇವದತ್ತನ ಕಾರಿಗೆ ಅದು ಬರುವುದಿಲ್ಲ.

ಬಾಗಿಲು ಹಾಕಿದ ಮೇಲೆ ಸಂಶಯವಿಲ್ಲ.

ಅರ್ಜೆಂಟ್ ಕೇರುಗಳು ಬಹುಪಾಲು ರಾತ್ರಿ ಎಂಟರ ಸುಮಾರಿಗೆ ಬಾಗಿಲು ಹಾಕುತ್ತವೆ. ಅಲ್ಲಿಂದಾಚೆ ಎರಡು ಬಾಗಿಲಿನ ಸಂಶಯ ಹೋಗಿ, ಇ.ಆರ್. ಅಥವಾ ಬೆಳಗಾಗುವುದು ಎಂಬ ಹೊಸ ಸಂಶಯ ಬರುತ್ತದೆ. ಕಿವಿನೋವು ಬೆಳಗಿನವರೆಗೆ ಕಾಯಬಲ್ಲದು. ಮೊದಲ ಸೂತ್ರದವು ಕಾಯಲಾರವು. ಇಷ್ಟು ಸಾಕು.

ಆದರೆ ತಜ್ಞರಲ್ಲದ ನಾವು ತಪ್ಪು ತಿಳಿದು, ಬರೀ ಗ್ಯಾಸಿಗೆ ಇ.ಆರ್.ಗೆ ಹೋಗಿಬಿಟ್ಟರೆ? ಈ ಆಕ್ಷೇಪಕ್ಕೆ ಅಲ್ಲಿಯ ಕಾನೂನೇ ಉತ್ತರ ಕೊಟ್ಟಿದೆ. 1986ರ ಕಾನೂನಿನ ಪ್ರಕಾರ, ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರಿನ ಹಣ ತೆಗೆದುಕೊಳ್ಳುವ ಆಸ್ಪತ್ರೆಯ ಇ.ಆರ್.ಗೆ ಬಂದವರನ್ನು, ದುಡ್ಡಿರಲಿ ಬಿಡಲಿ, ವೀಸಾ ಯಾವುದೇ ಇರಲಿ, ಪರೀಕ್ಷಿಸಲೇಬೇಕು. ತುರ್ತು ಸ್ಥಿತಿ ಕಂಡರೆ ಒಂದು ಹಂತಕ್ಕೆ ತರಲೇಬೇಕು. ಬಿಲ್ಲು ಮಾಫಿಯೆಂದು ಮಾತ್ರ ಅದು ಹೇಳಿಲ್ಲ. ಲಾಭದ ಉದ್ದೇಶವಿಲ್ಲದ ಆಸ್ಪತ್ರೆಗಳಾದರೆ ಬಡವರಿಗೆ ರಿಯಾಯಿತಿಯ ನಿಯಮಾವಳಿ ಇಟ್ಟಿರಲೇಬೇಕು, ಕೇಳಿ ಪಡೆಯತಕ್ಕದ್ದು. ಇನ್ಶೂರೆನ್ಸಿನವರಿಗೂ ಒಂದು ಕಟ್ಟಳೆ ಇದೆ. ಸಾಮಾನ್ಯ ವಿವೇಕವುಳ್ಳ, ವೈದ್ಯ ಗೊತ್ತಿಲ್ಲದ ಮನುಷ್ಯನಿಗೆ ಆ ಹೊತ್ತಿನಲ್ಲಿ ತುರ್ತೆಂದು ಕಂಡಿದ್ದರೆ ಸಾಕು, ಕೊನೆಗೆ ಏನೆಂದು ತಿಳಿಯಿತೆಂಬುದು ಲೆಕ್ಕಕ್ಕಿಲ್ಲ. ಮೆಡಿಕೇರಿಗೆ ಇದು 1997ರಲ್ಲಿ ಬಂತು, ಖಾಸಗಿ ಯೋಜನೆಗಳಿಗೆ 2010ರಲ್ಲಿ. ಅಜ್ಞಾನಕ್ಕೆ ಶಾಸನಬದ್ಧ ಮಾನ್ಯತೆ ಸಿಕ್ಕ ಅಪರೂಪದ ಪ್ರಸಂಗ ಇದು. ವಿಸಿಟರ್ ಪಾಲಿಸಿಗಳು ಈ ಕಟ್ಟಳೆಯ ಹೊರಗಿವೆ. ಸಾಂಖ್ಯರು ಯಾರ ಕೈಗೂ ಸಿಕ್ಕುವವರಲ್ಲ.

ಆದರೂ ಕೆಲವು ಕಂಪನಿಗಳು ಕೊನೆಯ ರೋಗನಿರ್ಣಯವನ್ನು ಹಿಡಿದು ದುಡ್ಡು ನಿರಾಕರಿಸಲು ನೋಡಿದ್ದುಂಟು. ಅವರಿಗೆ ಉತ್ತರವಾಗಿ 2013ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವನ್ನು ಮುಂದಿಡಬಹುದು. ಇ.ಆರ್.ಗೆ ಬಂದವರಲ್ಲಿ ಮಾಮೂಲಿ ಡಾಕ್ಟರೇ ನೋಡಬಹುದಾಗಿತ್ತೆಂದು ಕೊನೆಯಲ್ಲಿ ತೀರ್ಮಾನವಾದ ಭೇಟಿಗಳು ಶೇ. 6.3. ಆದರೆ ಅವರು ಬಾಗಿಲಲ್ಲಿ ಹೇಳಿಕೊಂಡ ದೂರುಗಳೇ ಒಟ್ಟು ಭೇಟಿಗಳ ಶೇ. 88.7ರಲ್ಲೂ ಇದ್ದವು. ಎಂದರೆ, ದೂರು ಕೇಳಿ ಗ್ಯಾಸನ್ನೂ ಹೃದಯವನ್ನೂ ಬೇರೆ ಮಾಡಲು ಬರುವುದಿಲ್ಲ. ಓದಿದವರಿಗೇ ಆಗದ್ದನ್ನು ಸೋಫಾದ ಸುತ್ತ ನಿಂತ ಸಂಸಾರದಿಂದ ನಿರೀಕ್ಷಿಸುವುದು ಅನ್ಯಾಯ.

ಮೇಷ್ಟ್ರನ್ನು ಇ.ಆರ್.ಗೆ ಸೇರಿಸಿದ್ದಾಯಿತು. ಅಲ್ಲಿ ಬಂದವರನ್ನು ಒಂದರಿಂದ ಐದರವರೆಗೆ ದರ್ಜೆ ಹಾಕುತ್ತಾರೆ. ಒಂದು ಎಂದರೆ ಪ್ರಾಣ ಕೈಯಲ್ಲಿದೆ, ಐದು ಎಂದರೆ ಮನೆಗೆ ಹೋಗಿ ಮಲಗಬಹುದಿತ್ತು. ತಮಗೆ ಎರಡನೆಯ ದರ್ಜೆ ಸಿಕ್ಕಿತೆಂದು ತಿಳಿದು ಮೇಷ್ಟ್ರಿಗೆ ಕೊಂಚ ಅಸಮಾಧಾನವಾಯಿತು. ಓದುವಾಗ ಯಾವಾಗಲೂ ಮೊದಲನೆಯವರು. ತಮಗಿಂತ ಮೊದಲು ಬಂದು ಕೂತ ಎಂಟು ಜನರನ್ನು ಬಿಟ್ಟು ತಮ್ಮನ್ನು ಇ.ಸಿ.ಜಿ.ಗೆ ಕರೆದದ್ದು ಸರದಿಯ ನಿಯಮಕ್ಕೆ ವಿರುದ್ಧವೆಂದೂ ವಾದಿಸಿದರು. ಎದೆನೋವಿನವರಿಗೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ಆಗಬೇಕೆಂಬುದು ಅಲ್ಲಿಯ ಗುರಿ. ಇ.ಆರ್.ನಲ್ಲಿ ಕಾಯಿಸಿದರೆ ಸಂತೋಷಪಡಬೇಕು, ಓಡಿಬಂದು ಕರೆದರೆ ಹೆದರಬೇಕು.

ನರ್ಸಮ್ಮ ಕೇಳಿದಳು, ನೋವಿಗೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ? ದೇವದತ್ತ ಕನ್ನಡದಲ್ಲಿ ತಿಳಿಸಿದ. ಸೇವೆಯಲ್ಲಿದ್ದಷ್ಟು ದಿನವೂ ಯಾರಿಗೂ ಹತ್ತಕ್ಕೆ ಹತ್ತು ಕೊಟ್ಟವರಲ್ಲ ಮೇಷ್ಟ್ರು. ಎದೆ ಸವರಿಕೊಂಡು ಯೋಚಿಸಿ, 'ಮೂರೂವರೆ ಹಾಕ್ಕೊಳ್ಳಿ. ಪಾಸಾಗ್ಲಿ ಪಾಪ' ಎಂದರು. ಮಗ ಅದನ್ನು ಏಳು ಎಂದು ಇಂಗ್ಲಿಷಿಗೆ ಮಾಡಿದ.

ಇಲ್ಲಿಂದ ಮುಂದೆ ಗ್ರಂಥದಲ್ಲಿ ಪಾಠಾಂತರವಿದೆ. ಪ್ಲೇನೋ ಪ್ರತಿಯ ಪ್ರಕಾರ ಇ.ಸಿ.ಜಿ. ಸರಿಯಾಗಿತ್ತು, ಹೃದಯಕ್ಕೆ ಪೆಟ್ಟಾಗಿದ್ದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ನೋಡಿದರು, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿದರು, ಬೆಳಗಿನ ಜಾವ ಆಸಿಡಿಟಿ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದರು. ಅರಸೀಕೆರೆ ಪ್ರತಿಯ ಪ್ರಕಾರ ರಕ್ತನಾಳವೊಂದು ಮುಚ್ಚಿಹೋಗಿತ್ತು, ಆ ರಾತ್ರಿಯೇ ಸ್ಟೆಂಟ್ ಹಾಕಿದರು. ಯಾವುದು ಮೂಲಪಾಠವೆಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ, ಸಿದ್ಧಾಂತಕ್ಕೆ ಅದು ಬೇಕಾಗಿಯೂ ಇಲ್ಲ. ಊರಿಗೆ ಮರಳಿ ಜಗಲಿಯ ಮೇಲೆ ಕೂತ ಮೇಷ್ಟ್ರು ವಿಚಾರಿಸಲು ಬಂದವರಿಗೆಲ್ಲ ಹೇಳುವ ಮಾತು ಮಾತ್ರ ಎರಡೂ ಪ್ರತಿಗಳಲ್ಲಿ ಒಂದೇ ಇದೆ: 'ಏನೂ ಇಲ್ಲ ಕಣ್ರೀ, ಗ್ಯಾಸು. ದುಡ್ಡು ಕಿತ್ಕೊಂಡು ಕಳ್ಸಿದ್ರು.'