ಜೋಡಿ ಡಬ್ಬಿಯ ಸಂಗೀತ ಸಭೆ

ಮಳೆಗಾಲದಲ್ಲಿ ಗೋಕಾಕದವರ ಕಿವಿಗೆ ಕೊರತೆಯಿಲ್ಲ. ಘಟಪ್ರಭೆ 170 ಅಡಿ ಮೇಲಿಂದ ಧುಮುಕಿ ಬೇಕಾದಷ್ಟು ಸದ್ದು ಮಾಡುತ್ತಾಳೆ. ದೀಪಾವಳಿ ದಾಟಿದ ಮೇಲೆ ನೀರು ಸೊರಗಿ ಫಾಲ್ಸಿನ ಗಂಟಲು ಕಟ್ಟುತ್ತದೆ. ಅಷ್ಟರಲ್ಲಿ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿರುತ್ತವೆ, ಟ್ರ್ಯಾಕ್ಟರುಗಳು ಹಾಡಲು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕಿಗೆ ಹಂಗಾಮು ಮುಗಿಯುವ ತನಕ ಸಂಗೀತದ ಬರವಿಲ್ಲ.

ಬೆಂಗಳೂರಿನ ರಸಿಕರು ರಾಮನವಮಿ ಕಛೇರಿ ಕೇಳಲು ಕೋಟೆ ಹೈಸ್ಕೂಲ್ ಮೈದಾನದ ತನಕ ತಾವೇ ಹೋಗಬೇಕು, ಪಾಪ. ನಮ್ಮಲ್ಲಿ ಕಛೇರಿಯೇ ಬಾಗಿಲಿಗೆ ಬರುತ್ತದೆ. ಟ್ರ್ಯಾಕ್ಟರಿನ ಹಿಂದೆ ಕಬ್ಬು ತುಂಬಿದ ಎರಡು ಡಬ್ಬಿ, ಚಾಲಕನ ಎಡಬಲಕ್ಕೆ ಬಾಕ್ಸು, ಬೆನ್ನಿಗೆ ಮಂಚದಷ್ಟು ದೊಡ್ಡ ಬೇಸು. ಮೊದಲು ಬೇಸು ಬರುತ್ತದೆ, ಹಾಡು ಆಮೇಲೆ. ಅಡುಗೆಮನೆ ಸ್ಟ್ಯಾಂಡಿನಲ್ಲಿ ತಾಟು, ವಾಟಗ ಒಂದಕ್ಕೊಂದು ತಾಗಿ ತಾಳ ಹಾಕುತ್ತವೆ. ಪಕ್ಕವಾದ್ಯದವರಿಗೆ ಸಂಭಾವನೆಯ ಖರ್ಚೂ ಉಳಿಯಿತು.

ಇದೇ ಸೀಮೆಯ ಕೌಜಲಗಿ ನಿಂಗಮ್ಮನವರು ಶ್ರೀಕೃಷ್ಣ ಪಾರಿಜಾತ ಆಡಿ ಹೆಸರಾದವರು. ಆ ಆಟಕ್ಕೆ ಒಂದೂರಿಗೆ ಒಂದು ಇಡೀ ರಾತ್ರಿ ಬೇಕು. ಜನ ಎದುರಿಗೆ ಕೂರಬೇಕು, ಎಚ್ಚರ ಇರಬೇಕು. ಎಷ್ಟು ನಿಧಾನದ ಕಲೆ! ಟ್ರ್ಯಾಕ್ಟರು ಒಂದೇ ರಾತ್ರಿಯಲ್ಲಿ ಹತ್ತೂರಿಗೆ ಹಾಡು ಮುಟ್ಟಿಸುತ್ತದೆ, ಮಲಗಿದವರನ್ನೂ ಬಿಡುವುದಿಲ್ಲ.

ಹೊಟ್ಟೆಕಿಚ್ಚಿನವರು ಕಾನೂನು ತೆಗೆಯುತ್ತಾರೆ. 2000ರ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಂದ್, ಜನವಸತಿಯಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಇರಬಹುದು. ಆದರೆ ಟೇಪಿನ ಗುಂಡಿಯ ಮೇಲೆ ಆ ಅಂಕಿ ಬರೆದಿಲ್ಲ, ಚಾಲಕನದು ಏನು ತಪ್ಪು? ಅಲ್ಲದೆ ಹಾಡು ಬರೀ ವಿನೋದಕ್ಕಲ್ಲ. ಎಷ್ಟೋ ಡಬ್ಬಿಗಳ ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಕಬ್ಬಿನ ಸೋಗೆಯಡಿ ಮುಚ್ಚಿರುತ್ತದೆ. ಕತ್ತಲಲ್ಲಿ ಬೈಕಿನವನ ಜೀವ ಉಳಿಸುವುದು ಹಾಡೇ. ದೀಪದ ಕೆಲಸವನ್ನು ಬೇಸಿಗೆ ವಹಿಸಿದ ಜಾಣತನ ಇನ್ಯಾವ ದೇಶದಲ್ಲಿದೆಯೋ ಕಾಣೆ.

ನಮ್ಮ ಓಣಿಯ ಹಿರಿಯರೊಬ್ಬರು ಒಮ್ಮೆ ಟ್ರ್ಯಾಕ್ಟರ್ ನಿಲ್ಲಿಸಿ, “ತಮ್ಮಾ, ಆವಾಜ ಸ್ವಲ್ಪ ಸಣ್ಣ ಮಾಡೋ” ಅಂದರು.

“ಸಣ್ಣ ಮಾಡಿದ್ರ ನಿದ್ದಿ ಬರ್ತೈತ್ರಿ ಕಾಕಾ” ಅಂದ ಹುಡುಗ. ಹಿಂದಿನ ರಾತ್ರಿಯೆಲ್ಲ ಕಾರ್ಖಾನೆ ಗೇಟಿನಲ್ಲಿ ಪಾಳಿ ಕಾದು ಅವನ ಕಣ್ಣು ಕೆಂಪಾಗಿದ್ದವು. ಅವನೊಬ್ಬ ಎಚ್ಚರವಿರಲಿ ಅಂತ ಮೂರು ತಾಲ್ಲೂಕು ಎಚ್ಚರವಿರುವುದು ಸಣ್ಣ ತ್ಯಾಗವೇ?

2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು. ಕಡೆಗೆ 3,300ಕ್ಕೆ ಇತ್ಯರ್ಥವಾಯಿತು. ಕಬ್ಬಿಗೆ ಅಷ್ಟು ಚೌಕಾಸಿ ನಡೆದರೂ ಹಾಡಿಗೆ ಯಾರೂ ಒಂದು ಪೈಸೆ ಕೇಳಲಿಲ್ಲ. ದೊಡ್ಡ ಮನಸ್ಸು.

ಊಟದ ವಿಷಯದಲ್ಲೂ ಟ್ರ್ಯಾಕ್ಟರಿನ ಉಪಕಾರ ಬಹಳ. ರಸ್ತೆ ಬದಿಯ ಢಾಬಾದ ಮುಂದೆ ನಾಲ್ಕು ಟ್ರ್ಯಾಕ್ಟರು ನಾಲ್ಕು ಹಾಡು ಹಚ್ಚಿ ನಿಂತವೆಂದರೆ ಮೆನು ಓದುವ ಕಷ್ಟ ತಪ್ಪಿತು. ನೀವು ಎಣ್ಣೆಗಾಯಿ ಅಂತ ಕೂಗುತ್ತೀರಿ, ಹುಡುಗ ತಲೆಯಾಡಿಸಿ ಎಗ್ ರೈಸ್ ತರುತ್ತಾನೆ. ಝುಣಕ ಕೇಳಿದರೆ ಚುನಮುರಿ ಬಂದೀತು. ವಾಪಸ್ ಕಳಿಸುವ ಮಾತು ಅವನಿಗೆ ಕೇಳಿಸುವುದಿಲ್ಲ, ಹೀಗಾಗಿ ಅನ್ನ ಹಾಳಾಗುವುದಿಲ್ಲ. ಎದುರು ಕೂತ ಬೀಗರೊಂದಿಗೆ ಮಾತು ಬೆಳೆದು ಜಗಳವಾಗುವ ಭಯವೂ ಇಲ್ಲ. ಬಾಯಿ ಇರುವುದು ಉಣ್ಣಲಿಕ್ಕೆ.

ಹಂಗಾಮು ಮುಗಿದ ಮೇಲೆ ಈ ಕಲಾವಿದರು ಸುಮ್ಮನೆ ಕೂರುವವರಲ್ಲ, ಜಾತ್ರೆಗಳಲ್ಲಿ ಕ್ರೀಡಾಪಟುಗಳಾಗುತ್ತಾರೆ. ಎರಡು ಟ್ರ್ಯಾಕ್ಟರನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವ ಆಟ. ಮುಂದಿನ ಗಾಲಿ ಆಕಾಶ ನೋಡುತ್ತವೆ, ಹಿಂದಿನವು ಹೊಲ ಅಗೆಯುತ್ತವೆ, ಡೀಸೆಲ್ ಹೊಗೆಯಲ್ಲಿ ಮಕ್ಕಳು ಕೆಮ್ಮುತ್ತ ಕುಣಿಯುತ್ತವೆ. ಉಳಲು ಕೊಂಡ ಯಂತ್ರದ ಕ್ಲಚ್ಚು ಉಳದೆಯೇ ಸವೆಯುತ್ತದೆ, ಸಾಲದ ಕಂತು ಮಾತ್ರ ಸವೆಯುವುದಿಲ್ಲ. ಎರಡೂ ಕಡೆ ಬೇಸು ಹಚ್ಚಿರುವುದರಿಂದ ಪಂಚರ ಸೀಟಿ ಯಾರಿಗೂ ಕೇಳಿಸುವುದಿಲ್ಲ. ಹೀಗಾಗಿ ಇಬ್ಬರೂ ಗೆದ್ದು, ಇಬ್ಬರೂ ಗುಲಾಲು ಹಾರಿಸಿ, ಒಂದೇ ಢಾಲಿಗೆ ಕೈ ಹಾಕುತ್ತಾರೆ.