ಬೋಗಾರ್ಟನ ಬೂಟು, ನನ್ನ ಬಾಯಿ

ನಾನು ಹಳೆಯ ಹಾಲಿವುಡ್ ಸಿನಿಮಾ ಹಾಕಿದರೆ ಸಾಕು, ಮನೆಯವರಿಗೆಲ್ಲ ಒಟ್ಟಿಗೇ ಕೆಲಸ ನೆನಪಾಗುತ್ತದೆ. ಸಿನಿಮಾ ಬೇಡವೆಂದಲ್ಲ, ಪಕ್ಕದಲ್ಲಿ ಕೂತ ನನ್ನ ಬಾಯಿ ಬೇಡ. ‘ಕಾಸಾಬ್ಲಾಂಕಾ’ದಲ್ಲಿ ಹಂಫ್ರಿ ಬೋಗಾರ್ಟ್, ಇಂಗ್ರಿಡ್ ಬರ್ಗ್‌ಮನ್ ಅಗಲುವ ಹೊತ್ತು. ಮಂಜು, ವಿಮಾನ, ಒದ್ದೆ ಕಣ್ಣು. ನನ್ನಾಕೆ ಸೆರಗಿನ ತುದಿ ಹುಡುಕುತ್ತಿದ್ದಳು. “ಅವನಿಗಿಂತ ಆಕೆಯೇ ಎತ್ತರ ಕಣೇ. ದಪ್ಪ ಅಟ್ಟೆಯ ಬೂಟು ಹಾಕಿಸಿ ನಿಲ್ಲಿಸಿದ್ದರು” ಅಂದೆ. ಕಣ್ಣೀರೂ ನಿಂತಿತು, ಸಂಜೆಯ ಕಾಫಿಯೂ ನಿಂತಿತು.

ಇನ್ನು 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಬಂದರೆ ನನ್ನನ್ನು ಹಿಡಿಯುವವರಿಲ್ಲ. ಮೌಂಟ್ ರಶ್ಮೋರ್ ಕೆಫೆಟೇರಿಯಾದ ದೃಶ್ಯದಲ್ಲಿ ಇವಾ ಮೇರಿ ಸೇಂಟ್ ಕ್ಯಾರಿ ಗ್ರಾಂಟ್‌ಗೆ ಗುಂಡು ಹಾರಿಸಬೇಕು. ಪಿಸ್ತೂಲು ಸದ್ದು ಮಾಡುವ ಮೊದಲೇ ಹಿಂದೆ ಕೂತ ಪೋರನೊಬ್ಬ ಕಿವಿಗೆ ಬೆರಳು ತುರುಕಿಕೊಂಡು ತಯಾರಾಗಿಬಿಡುತ್ತಾನೆ! ಪಾಪ, ರಿಹರ್ಸಲ್‌ನಲ್ಲೇ ಬೆಚ್ಚಿದ್ದನೋ ಏನೋ. ಹಿಚ್‌ಕಾಕ್ ಚಿತ್ರದಲ್ಲಿ ಮುಂದೇನಾಗುತ್ತದೆಂದು ಮೊದಲೇ ಬಲ್ಲ ಏಕೈಕ ಪಾತ್ರ ಅವನೇ. ಗ್ರಾಂಟ್‌ನ ಸೂಟನ್ನು ಬೇಕಾದವರು ನೋಡಿಕೊಳ್ಳಲಿ, ನಾನು ರಿಮೋಟ್ ಹಿಡಿದು ಆ ಪೋರನ ಬೆರಳನ್ನೇ ಕಿವಿಗೆ ಹಾಕಿಸಿ, ತೆಗೆಸಿ, ಮತ್ತೆ ಹಾಕಿಸುತ್ತಿರುತ್ತೇನೆ.

ಈ ಚಿತ್ರದಲ್ಲಿ ಗ್ರಾಂಟ್‌ನ ತಾಯಿಯಾದ ಜೆಸ್ಸಿ ರಾಯ್ಸ್ ಲ್ಯಾಂಡಿಸ್ ಅವನಿಗಿಂತ ಏಳೆಂಟು ವರ್ಷಕ್ಕಷ್ಟೇ ದೊಡ್ಡವರು. ಊರಿನಿಂದ ಬಂದಿದ್ದ ಅತ್ತೆಗೆ ಇದನ್ನೂ ಒಪ್ಪಿಸಿದೆ. ಅವರು ಬಿಡಿಸುತ್ತಿದ್ದ ಅವರೆಕಾಯಿ ಕೆಳಗಿಟ್ಟು, “ಅಯ್ಯೋ ಅಳಿಯಂದಿರೇ, ಅಲ್ಲೂ ಬಾಲ್ಯವಿವಾಹ ಇತ್ತೇನ್ರೀ?” ಎಂದರು.